ಪರದೇಶಪ್ಪನ ಬಾಗಿಲು

ದಂಡಿನ ಬಿಡಾರ
6ನೇ ಅಕ್ಟೋಬರ್ 1942

ಅಕ್ಕಾ,

ನಾನು ಎಲ್ಲಿದ್ದೀನಿ ಅಂತ ಬರೆಯೋ ಹಾಗಿಲ್ಲ. ಊರಿನ ಹೆಸರು ಕಂಡರೆ ಅದರ ಮೇಲೆ ಮಸಿ ಬಳಿದು ಕಳಿಸ್ತಾರೆ. ಕಡಲು ದಾಟಿದ್ದೀನಿ, ಇಲ್ಲಿ ಜನ ಪಾರ್ಸಿ ಮಾತಾಡ್ತಾರೆ, ಇಷ್ಟು ತಿಳ್ಕೊಂಡ್ರೆ ಸಾಕು. ಬೆಂಗಳೂರಲ್ಲಿ ಬಸ್ಸು ಓಡಿಸ್ತಿದ್ದವನಿಗೆ ಈಗ ದಂಡಿನ ಲಾರಿ ಕೊಟ್ಟಿದ್ದಾರೆ. ಬಂದರಿನಲ್ಲಿ ಸಾಮಾನು ಏರಿಸಿಕೊಂಡು, ಬೆಟ್ಟ ಹತ್ತಿ, ಆಚೆ ಕಡೆಯವರಿಗೆ ಒಪ್ಪಿಸಿ ಬರೋದು ಕೆಲಸ. ಜೊತೆಗೆ ಹೊಸಕೋಟೆಯ ಪಿಳ್ಳಣ್ಣ ಇದ್ದಾನೆ. ಅವನಿಂದ ಕನ್ನಡ ಮಾತಿಗೆ ಬರ ಇಲ್ಲ.

ನಾವು ಹೋಗೋ ದಾರಿ ಬಹಳ ಹಳೇದು. ಒಂಟೆ, ಕುದುರೆ ನಡೆದೂ ನಡೆದೂ ಬಂಡೆಗಳೇ ತಗ್ಗಾಗಿವೆ. ವ್ಯಾಪಾರದವರು ತಂಗ್ತಿದ್ದ ಛತ್ರಗಳು ಅಲ್ಲಲ್ಲಿ ಬಿದ್ದುಕೊಂಡಿವೆ. ಅದಕ್ಕೆ ಇವರು ಸರಾಯಿ ಅಂತಾರೆ. ಮಗ ಸರಾಯಿಯಲ್ಲಿ ಮಲಗಿದ್ದ ಅಂತ ಅವ್ವನಿಗೆ ಓದಿ ಹೇಳು, ಬೈದು ಆಮೇಲೆ ನಗ್ತಾಳೆ.

ಇನ್ನು ಮುಂದಿನದು ಅವ್ವನಿಗೆ ಓದಬೇಡ.

ಕಳೆದ ಶುಕ್ರವಾರ ನಡು ಮಧ್ಯಾಹ್ನ ಇಂಜಿನ್ನು ಕಾದು, ಅಂಥದೊಂದು ಸರಾಯಿಯ ಹತ್ತಿರ ನಿಲ್ಲಿಸಿದೆ. ಪಿಳ್ಳಣ್ಣ ಲಾರಿ ಕೆಳಗೆ ಮಲಗಿಬಿಟ್ಟ. ಗಾಳಿ ಇರಲಿಲ್ಲ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಆ ಪಾಳು ಗೋಡೆಗೆ ಅಂಟಿದ ಹಾಗೆ ಒಂದೇ ಒಂದು ಮಣ್ಣಿನ ಮನೆ ಇತ್ತು. ಒಬ್ಬಳು ಮುದುಕಿ ತಾಮ್ರದ ಚೊಂಬು ಹಿಡಿದು ಹೊರಗೆ ಬಂದಳು. ಹೊಸಲಿನ ಮೇಲೆ ನೀರು ಸುರಿದಳು. ದಾರಿಯ ಕಡೆ ತಿರುಗಿ ಕೂಗಿದಳು.

"ಆಬು ಕುನಕ, ದರು ಬಾಜ, ಬಿಯಾ, ಬಿಯಾ."

ಅಕ್ಕಾ, ಅದು ನಮ್ಮವ್ವ ಶುಕ್ರವಾರ ಶುಕ್ರವಾರ ಹೊಲದಲ್ಲಿ ಪರದೇಶಪ್ಪನ ಕಟ್ಟೆಗೆ ನೀರು ಹುಯ್ದು ಹೇಳೋ ಮಂತ್ರ. ಅದೇ ಎಳೆತ. ಅವ್ವ ಹೇಳುವಾಗ ಕೊನೇ ಬಿಯಾ ಮೇಲಕ್ಕೆ ಹೋಗಿ ತುಂಡಾಗ್ತದಲ್ಲ, ಹಾಗೇ ತುಂಡಾಯ್ತು. ಕಣ್ಣು ಮುಚ್ಚಿಕೊಂಡಿದ್ದರೆ ನಮ್ಮ ಹೊಲದಲ್ಲೇ ನಿಂತಿದ್ದೀನಿ ಅನ್ನಬೇಕು.

ಪರದೇಶಪ್ಪ ಯಾರು? ನಮ್ಮ ಹೊಲಕ್ಕೆ ಹೇಗೆ ಬಂದ? ಅವ್ವ ನಿನಗೆ ಹೇಳಿರ್ತಾಳೆ. ತಡ ಮಾಡದೆ ಬರಿ.

ನಿನ್ನ ತಮ್ಮ
ಗಂಗಣ್ಣ


ಲಾಯದಕುಂಟೆ, ದೇವನಹಳ್ಳಿ ತಾಲ್ಲೂಕು
18ನೇ ನವೆಂಬರ್ 1942

ಗಂಗಾ,

ನಿನ್ನ ಕಾಗದ ನೆನ್ನೆ ಬಂತು. ಸರಾಯಿ ಮಾತಿಗೆ ಅವ್ವ ನಕ್ಕಳು. ಚೆನ್ನಾಗಿದ್ದಾಳೆ, ಚಿಂತೆ ಮಾಡಬೇಡ. ಈಚೆಗೆ ಶುಕ್ರವಾರ ಮಾತ್ರ ಅಲ್ಲ, ದಿನಾ ಮಧ್ಯಾಹ್ನ ಕಟ್ಟೆಗೆ ಹೋಗ್ತಾಳೆ. ಬಂದ ಮೇಲೆ ಮುಖ ಗೆಲುವಾಗಿರ್ತದೆ. ರಾಗಿ ಹೊಡೆ ಬಿಟ್ಟಿದೆ. ಸೀಮೆಎಣ್ಣೆ ಸಿಕ್ತಿಲ್ಲ. ಯಲಹಂಕದ ಕಡೆಯಿಂದ ಏರೋಪ್ಲೇನು ಬಂದರೆ ದೊಡ್ಡಪ್ಪ ಅಪ್ಪಯ್ಯಣ್ಣ ಈಗಲೂ ಕಣದ ಹುಲ್ಲಿನೊಳಗೆ ತಲೆ ತೂರಿಸ್ತಾನೆ.

ನೀನು ಕೇಳಿದ್ದನ್ನ ಗಂಡಸರಿಗೆ ಹೇಳೋ ಪದ್ಧತಿ ಇಲ್ಲ. ನಾನು ಸೋಂಪುರದಲ್ಲಿ ಗಂಡನ್ನ ಕಳ್ಕೊಂಡು ಈ ಮನೆಗೆ ವಾಪಸು ಬಂದಾಗ ಅವ್ವ ನನಗೆ ಹೇಳಿಕೊಟ್ಟಳು, ಅವಳ ನಂತರ ನಾನೇ ನೀರು ಹುಯ್ಯಬೇಕಲ್ಲ ಅಂತ. ಈಗ ನೀನು ಅಷ್ಟು ದೂರ ಇದ್ದೀಯ, ಅದಕ್ಕೆ ಬರೀತೀನಿ.

ಪಾಳೇಗಾರರ ಕಾಲದಲ್ಲಿ ಕಡಲಾಚೆಯಿಂದ ಕುದುರೆ ವ್ಯಾಪಾರದವರು ಘಟ್ಟ ಹತ್ತಿ ದೇವನಹಳ್ಳಿ ಕೋಟೆಗೆ ಬರ್ತಿದ್ದರಂತೆ. ಕುದುರೆಗಳನ್ನ ನಮ್ಮ ಕುಂಟೆಯ ಹತ್ತಿರ ಕಟ್ತಿದ್ದರು. ಊರಿಗೆ ಲಾಯದಕುಂಟೆ ಅನ್ನೋ ಹೆಸರು ಬಂದಿದ್ದು ಹಾಗೆ. ಅವರಲ್ಲಿ ಒಬ್ಬ ವರ್ಷ ಬಿಟ್ಟು ವರ್ಷ ಬರ್ತಿದ್ದ. ಹೋಗುವಾಗ ಇಲ್ಲಿಂದ ಅರಿಶಿನದ ಕೊಂಬು ಕಟ್ಟಿಕೊಂಡು ಹೋಗ್ತಿದ್ದ. ಕೊನೇ ಸಲ ಬಂದಾಗ ಜ್ವರ ಹತ್ತಿ ನಮ್ಮ ಮನೆ ಜಗಲಿ ಮೇಲೆ ಮಲಗಿದ. ಜೊತೆಯವರು ಕಾದು ನೋಡಿ ಹೊರಟುಹೋದರು. ನಮ್ಮ ಹಿರೀಕರಲ್ಲಿ ಒಬ್ಬಳು ಅವನಿಗೆ ಗಂಜಿ ಹಾಕಿ ನೋಡಿಕೊಂಡಳು. ಅವನು ಸಾಯೋ ಮೊದಲು ಅವಳಿಗೆ ಈ ಮಾತು ಕಲಿಸಿದ. ನಮ್ಮ ಊರಲ್ಲಿ ನನ್ನ ತಾಯಿ ಹೀಗೆ ಕರೀತಿರ್ತಾಳೆ, ನೀನೂ ನನ್ನ ಕಲ್ಲಿನ ಮುಂದೆ ನಿಂತು ಹೀಗೇ ಕರಿ, ಕೇಳಿಸಿಕೊಂಡರೆ ನಾನು ದಾರಿ ಮರೆಯಲ್ಲ ಅಂತ ಕೈಸನ್ನೆಯಲ್ಲಿ ಹೇಳಿದನಂತೆ. ಅವನನ್ನ ನಮ್ಮ ಹೊಲದಲ್ಲೇ ಮಣ್ಣು ಮಾಡಿ, ಕಲ್ಲು ನಿಲ್ಲಿಸಿ ಕಟ್ಟೆ ಕಟ್ಟಿದರು, ಅವನೇ ಪರದೇಶಪ್ಪ. ಮಾತಿನ ಅರ್ಥ ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿಲ್ಲ. ವರ್ಷಕ್ಕೊಂದು ಸಲ ಅವನಿಗೆ ನಾವು ಮಾಡ್ತೀವಲ್ಲ, ಬೆರಳಿಂದ ಸಾಲು ಒತ್ತಿ ಎಳ್ಳು ಉದುರಿಸಿದ ಗೋಧಿ ರೊಟ್ಟಿ, ಅದೂ ಅವನು ಹೇಳಿಕೊಟ್ಟಿದ್ದೇ.

ಒಂದು ಕಟ್ಟಳೆ ಇದೆ. ಆ ಮಾತು ಕೇಳಿ ನಮ್ಮ ಮನೆಯವರು ಯಾರೂ ಓಗೊಡಬಾರದು. ಕರೆಯೋದು ಅವನನ್ನ. ಬಾಗಿಲು ಅವನದು. ಚಿಕ್ಕಜ್ಜ ಪಿಳ್ಳಪ್ಪ ಎಳೇ ವಯಸ್ಸಲ್ಲಿ ಹುಡುಗಾಟಕ್ಕೆ ಕಟ್ಟೆಯ ಹಿಂದೆ ನಿಂತು "ಬಂದೆ" ಅಂದನಂತೆ. ಮಾರನೇ ದಿನ ಮನೇಲಿಲ್ಲ. ನೆಲಮಂಗಲದ ಹತ್ತಿರ ಅರಿಶಿನಕುಂಟೆಯ ದಾರಿಯಲ್ಲಿ ಸಿಕ್ಕ, ಪಡುವಣಕ್ಕೆ ಮುಖ ಮಾಡಿ ನಡೀತಿದ್ದ. ಕಾಲು ಒಡೆದು ರಕ್ತ ಸುರೀತಿತ್ತು. ಹೆತ್ತ ತಾಯಿಯನ್ನ ಗುರುತು ಹಿಡಿಯಲಿಲ್ಲ. ಹೊತ್ತುಕೊಂಡು ಬಂದರು. ಮತ್ತೆ ಮಾತಾಡೋಕೆ ಮುಂದಿನ ಸುಗ್ಗಿ ಬರಬೇಕಾಯ್ತು.

ಆ ಮುದುಕಿ ಕರೆದರೆ ನೀನು ಬಾಯಿ ಬಿಡಬೇಡ. ಅಲ್ಲಿ ಲಾರಿ ನಿಲ್ಲಿಸಬೇಡ. ಹೂಂ ಅಂತ ಒಂದು ಕಾಗದ ಹಾಕು.

ಮುನಿತಾಯಮ್ಮ


ದಂಡಿನ ಬಿಡಾರ
3ನೇ ಜನವರಿ 1943

ಅಕ್ಕಾ,

ನಿನ್ನ ಕಾಗದ ತಡವಾಗಿ ಬಂತು. ನಾನು ಮೊದಲನೇ ದಿನವೇ ಓಗೊಟ್ಟಿದ್ದೆ. ಹೋದ ಕಾಗದದಲ್ಲಿ ಬರೆಯೋಕೆ ನಾಚಿಕೆಯಾಯ್ತು. ಊರು ಬಿಟ್ಟು ಅಷ್ಟು ತಿಂಗಳಾಗಿತ್ತು, ಅವ್ವನ ದನಿಯೇ ಕೇಳಿದ ಹಾಗಾಗಿತ್ತು, ನನಗೆ ಗೊತ್ತಿಲ್ಲದೆ ಬಾಯಿಂದ "ಬಂದೆ" ಅಂತ ಬಂದುಬಿಟ್ಟಿತು.

ಮುದುಕಿ ಕೈಯಲ್ಲಿದ್ದ ಚೊಂಬು ಬಿತ್ತು. ಹತ್ತಿರ ಬಂದು ನನ್ನ ಮುಖವನ್ನ ಎರಡೂ ಕೈಯಿಂದ ಸವರಿದಳು. "ಮುರಾದ್" ಅಂದಳು. ಅಳಲಿಲ್ಲ, ನಗಲಿಲ್ಲ. ಹೊಲದಿಂದ ತಡವಾಗಿ ಬಂದವನನ್ನ ಒಳಗೆ ಕರೆಯೋ ಹಾಗೆ ಕರೆದುಕೊಂಡು ಹೋದಳು.

ಆಮೇಲೆ ಆ ದಾರೀಲಿ ಬಂದಾಗಲೆಲ್ಲ ಅಲ್ಲಿ ಇಳೀತೀನಿ. ಅವಳನ್ನ ಸುತ್ತಲಿನವರು ಬೀಬಿ ಅಂತಾರೆ. ನಮ್ಮ ಬಿಡಾರದಲ್ಲಿ ವೇಲೂರು ಕಡೆಯ ಗುಮಾಸ್ತೆ ಸಾಹೇಬರಿದ್ದಾರೆ, ಪಾರ್ಸಿ ಓದಿಕೊಂಡವರು. ಒಂದು ಸಲ ಅವರನ್ನ ಲಾರಿಯಲ್ಲಿ ಕೂರಿಸಿಕೊಂಡು ಹೋದೆ. ಬೀಬಿ ಹೇಳಿದ್ದನ್ನ ಅವರು ನನಗೆ ಬಿಡಿಸಿ ಹೇಳಿದರು. ಅವಳ ಮನೆತನದ ಮುರಾದ್ ಅನ್ನೋ ಒಬ್ಬ ಕುದುರೆ ಹೊಡೆದುಕೊಂಡು ಹಿಂದೂಸ್ತಾನಕ್ಕೆ ಹೋದವನು ಬರಲಿಲ್ಲವಂತೆ. ಯಾವ ಕಾಲದಲ್ಲಿ ಅಂತ ಅವಳಿಗೂ ತಿಳಿಯದು. ಅವನ ತಾಯಿ ಹೊಸಲಿಗೆ ನೀರು ಹುಯ್ದು ಕರೆಯೋಕೆ ಶುರು ಮಾಡಿದಳು. ಅವಳ ನಂತರ ಸೊಸೆ, ಆಮೇಲೆ ಸೊಸೆಯ ಸೊಸೆ. ಬೀಬಿಯೇ ಕಡೆಯವಳು. ಮಕ್ಕಳಿಲ್ಲ.

ಆ ಮಾತಿನ ಅರ್ಥ ಕೇಳಿದೆ. ನೀರು ತಣ್ಣಗಿದೆ, ಬಾಗಿಲು ತೆಗೆದಿದೆ, ಬಾ, ಬಾ. ಅಷ್ಟೇ ಅಕ್ಕಾ. ನಾವು ಮಂತ್ರ ಅಂತ ತಿಳ್ಕೊಂಡಿದ್ವಿ.

ಬೀಬಿ ಮನೆಯ ಹೊಸಲಿಗೆ ಅರಿಶಿನ ಬಳಿದಿದ್ದಾಳೆ. ಹಿಟ್ಟಿನಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದಿದ್ದಾಳೆ. ಸುತ್ತಮುತ್ತ ಯಾರ ಮನೆಗೂ ಇಲ್ಲ. ಅವನು ಹಿಂದೆ ಬಂದು ಹೋಗ್ತಿದ್ದಾಗ ಹೇಳಿಕೊಟ್ಟಿದ್ದಂತೆ, ಹಿಂದೂಸ್ತಾನದಲ್ಲಿ ನನ್ನನ್ನ ಆದರಿಸೋ ಮನೆಯವರು ಹೀಗೆ ಮಾಡ್ತಾರೆ ಅಂತ. ನಾನು ಆ ಹೊಸಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಗುಮಾಸ್ತೆ ಸಾಹೇಬರು ಯಾಕೋ ಆವತ್ತಿಂದ ನನ್ನ ಜೊತೆ ಬರೋಕೆ ಒಪ್ಪುತ್ತಿಲ್ಲ.

ನನಗೆ ಹೆದರಿಕೆ ಏನಿಲ್ಲ. ಅವಳ ಕೈಯ ರೊಟ್ಟಿ ನಮ್ಮ ರೊಟ್ಟಿಯ ಹಾಗೇ ಇದೆ. ಮುದುಕಿಗೆ ಒಂದು ಸಮಾಧಾನ. ನನಗೂ ಒಂದು ಮನೆ ಸಿಕ್ಕಿದ ಹಾಗಿದೆ. ಅವ್ವ ದಿನಾ ಗೆಲುವಾಗಿದ್ದಾಳೆ ಅಂತ ಬರೆದೆಯಲ್ಲ, ಅದನ್ನೇ ಮತ್ತೆ ಮತ್ತೆ ಓದಿಕೊಂಡೆ.

ಗಂಗಣ್ಣ


ಲಾಯದಕುಂಟೆ
14ನೇ ಫೆಬ್ರವರಿ 1943

ಗಂಗಾ,

ನೀನು ಬರೆದಿದ್ದನ್ನ ಓದಿ ನಾನು ಕಾಗದ ಮಡಚಿಟ್ಟು ಹಿತ್ತಿಲಲ್ಲಿ ಬಹಳ ಹೊತ್ತು ಕೂತಿದ್ದೆ. ನೀನು ಓಗೊಟ್ಟಿದ್ದು ಯಾವ ಶುಕ್ರವಾರ ಅಂತ ನಾನು ಲೆಕ್ಕ ಹಾಕಲಿಲ್ಲ. ಹಾಕೋದು ಬೇಕಾಗಿಲ್ಲ. ಅದು ಯಾವ ದಿನ ಅಂತ ನನಗೆ ಗೊತ್ತು.

ಆ ಮಧ್ಯಾಹ್ನ ಅವ್ವ ಕಟ್ಟೆಯಿಂದ ಓಡಿ ಬಂದಳು. ಈ ವಯಸ್ಸಲ್ಲಿ ಅವಳು ಓಡಿದ್ದನ್ನ ನಾನು ನೋಡಿರಲಿಲ್ಲ. "ತಾಯಮ್ಮ, ಯಾರೋ ಓಗೊಟ್ರು ಕಣೇ" ಅಂದಳು. ಗಾಳಿ ಇರಬೇಕು ಅಂದೆ. "ಗಾಳಿ ಮಾತಾಡ್ತದೇನೇ" ಅಂದಳು. ಅವತ್ತಿಂದ ದಿನಾ ಹೋಗೋಕೆ ಶುರು ಮಾಡಿದಳು. ನೀರು ಹುಯ್ದು, ಕರೆದು, ಕಲ್ಲಿನ ಪಕ್ಕ ಕೂತು ಮಾತಾಡ್ತಿದ್ದಳು. ರಾಗಿ ಎಷ್ಟು ಎತ್ತರ ಬಂತು, ಎಮ್ಮೆ ಯಾವಾಗ ಈಯ್ತದೆ, ಅಂಥದ್ದು. ಮಧ್ಯೆ ಮಧ್ಯೆ ನಿಲ್ಲಿಸ್ತಿದ್ದಳು, ಎದುರಿಗಿದ್ದವರು ಮಾತಾಡೋಕೆ ಬಿಡೋ ಹಾಗೆ. ನಾನು ದೊಡ್ಡಪ್ಪನಿಗೆ ಹೇಳಿದೆ. ಅವನು "ಮುಪ್ಪು ಕಣಮ್ಮ, ಬಿಡು" ಅಂದ.

ಆಮೇಲೆ ಒಂದು ದಿನ ಜೊತೇಲಿ ಹೋದೆ. ಅವ್ವ ಸುರಿದ ನೀರು ಕಲ್ಲಿನಿಂದ ಕೆಳಗೆ ಇಳೀಲಿಲ್ಲ. ಸುರಿದ ಹಾಗೇ ಇಂಗಿಹೋಯ್ತು, ಯಾರೋ ಬಾಯೊಡ್ಡಿ ಕುಡಿದ ಹಾಗೆ. ಅವ್ವ ಕರೆದಳು. ಕಲ್ಲಿನ ಹಿಂದಿನಿಂದ ಒಂದು ಗಂಡು ದನಿ "ಆಮದಂ" ಅಂತು. ಮೆಲ್ಲಗೆ. ಬಾಯಿ ಒಣಗಿದವರು ಮಾತಾಡೋ ಹಾಗೆ. ನಾನು ಹಿಂದೆ ಹೋಗಿ ನೋಡಿದೆ. ಹುರುಳಿ ಹೊಲ ಖಾಲಿ ಬಿದ್ದಿತ್ತು. ಅಂಥಾ ಬಿಸಿಲಲ್ಲೂ ಆ ಜಾಗದ ಮಣ್ಣು ತಣ್ಣಗಿತ್ತು.

ಅವ್ವ ನನ್ನ ಕೈ ಹಿಡಿದು "ಕೇಳಿಸ್ತೇನೇ, ಗಂಗ ಬಂದವ್ನೆ" ಅಂದಳು.

ಅವ್ವ ಈಗ ಕಟ್ಟೆಗೆ ಹೋಗ್ತಿಲ್ಲ. ನಾನೂ ಹೋಗ್ತಿಲ್ಲ. ನೀರು ಹುಯ್ಯೋದು ನಿಲ್ಲಿಸಿಬಿಟ್ಟಿದ್ದೀನಿ. ನಮ್ಮ ಕಡೆಯಿಂದ ಕರೆ ನಿಂತರೆ ಎಲ್ಲಾ ನಿಲ್ತದೆ ಅಂತ ನನ್ನ ಯೋಚನೆ. ನೀನೂ ಆ ಮನೆಗೆ ಹೋಗೋದು ನಿಲ್ಲಿಸು. ಅವಳು ಮುರಾದ್ ಅಂದರೆ ನಾನಲ್ಲ ಅನ್ನು. ನೀನು ಅಲ್ಲಿ ಕೂತಿರೋದು ಇನ್ನೊಬ್ಬರ ಜಾಗ ಕಣೋ.

ಅವ್ವ ಹೇಗಿದ್ದಾಳೆ ಅಂತ ಪ್ರತಿ ಸಲ ಕೇಳ್ತೀಯ. ನೆಮ್ಮದಿಯಾಗಿದ್ದಾಳೆ.

ಮುನಿತಾಯಮ್ಮ


ಬೀಬಿಯ ಮನೆ
25ನೇ ಮಾರ್ಚ್ 1943

ಅಕ್ಕಾ,

ಕಣಿವೇಲಿ ಹಿಮ ಕಟ್ಟಿ ದಾರಿ ಮುಚ್ಚಿದೆ. ನನಗೆ ಜ್ವರ ಬಂದು ಇಲ್ಲೇ ಮಲಗಿದ್ದೀನಿ. ಪಿಳ್ಳಣ್ಣ ನನ್ನನ್ನ ಇಲ್ಲಿ ಬಿಟ್ಟು, ಡಾಕ್ಟರನ್ನ ಕರ್ಕೊಂಡು ಬರ್ತೀನಿ ಅಂತ ಹೋದ. ಯಾವಾಗ ಹೋದ ಅಂತ ನೆನಪಿಲ್ಲ. ದಾರಿ ಬಿಟ್ಟ ಮೇಲೆ ಯಾವ ಲಾರಿ ಮೊದಲು ಬರ್ತದೋ ಅದರಲ್ಲಿ ಈ ಕಾಗದ ಕಳಿಸ್ತೀನಿ.

ನೀನು ಹೇಳಿದ ಹಾಗೆ ನಾನು ಮುರಾದ್ ಅಲ್ಲ ಅಂತ ಹೇಳಿದೆ. ಬೀಬಿ ತಲೆಯಾಡಿಸಿ ಹೊದಿಕೆ ಸರಿ ಮಾಡಿದಳು. ನಾನು ಯಾವ ಭಾಷೆಯಲ್ಲಿ ಹೇಳಿದೆ ಅಂತ ಆಮೇಲೆ ಯೋಚನೆ ಬಂತು. ಅವಳ ಭಾಷೆಯಲ್ಲೇ ಹೇಳಿದ್ದೆ. ನನಗೆ ಅದು ಬರೋದಿಲ್ಲ ಅಕ್ಕಾ. ಯಾರೂ ಕಲಿಸಿಲ್ಲ. ಕಟ್ಟೆಯ ಹಿಂದೆ ನಿನಗೆ ಕೇಳಿಸಿದ ಆಮದಂ ಅಂದರೆ ಬಂದೆ ಅಂತ, ಅದೂ ಈಗ ತಿಳೀತದೆ.

ನೀನು ನೀರು ನಿಲ್ಲಿಸಿದೆ ಅಂತ ಬರೆದೆ. ಆವತ್ತಿಂದಲೇ ಇರಬೇಕು, ಬೀಬಿ ನಿದ್ದೆ ಮಾಡ್ತಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ನಿಂತು ಕಿವಿಗೆ ಕೈ ಇಟ್ಟುಕೊಂಡು ಕೇಳ್ತಾಳೆ. ದಾರಿಯಲ್ಲಿ ಯಾರೋ ನಿಂತುಬಿಟ್ಟಿದ್ದಾರೆ ಅಂತಾಳೆ. ಮುಂದಕ್ಕೂ ಬರ್ತಿಲ್ಲ, ಹಿಂದಕ್ಕೂ ಹೋಗ್ತಿಲ್ಲ ಅಂತಾಳೆ. ಆಮೇಲೆ ನನ್ನ ಕಡೆ ತಿರುಗಿ ನೋಡ್ತಾಳೆ. ಅವಳಿಗೆ ಗೊತ್ತು ಅಂತ ನನಗೆ ಅನ್ನಿಸ್ತದೆ. ಆದರೂ ರೊಟ್ಟಿ ಕೊಡ್ತಾಳೆ.

ಒಂದು ವಿಷಯ. ಅವ್ವ ಬಸ್ಸಾರು ಮಾಡ್ತಿದ್ದಳಲ್ಲ, ಬದುವಿನ ಮೇಲೆ ಬೆಳೆಯೋ ಆ ಸೊಪ್ಪಿನ ಹೆಸರು ಏನು? ನೆನ್ನೆಯಿಂದ ಯೋಚನೆ ಮಾಡ್ತಿದ್ದೀನಿ. ನಮ್ಮ ಎಡಗಡೆ ಎತ್ತಿನ ಹೆಸರು ಹೋಯ್ತು. ಕುಂಟೆಯ ಆಚೆ ಇರೋ ದೊಡ್ಡ ಮರ, ಅದರ ಕೆಳಗೆ ನಾವು ಆಡ್ತಿದ್ದೆವು, ಅದು ಯಾವ ಮರ? ಒಂದೊಂದಾಗಿ ಹೋಗ್ತಿವೆ. ಹೋಗುವಾಗ ಗೊತ್ತಾಗಲ್ಲ. ಕೈ ಚಾಚಿದಾಗ ಅಲ್ಲಿರಲ್ಲ.

ನಿನ್ನ ಹೆಸರು ಕಾಗದದ ಕೊನೇಲಿ ಇದೆ, ಅದಕ್ಕೆ ಸರಿ. ಅವ್ವನ ಹೆಸರು ಬರೆದು ಕಳಿಸು. ಅವ್ವ ಅಂತಲೇ ಕರೀತಿದ್ದೆನಲ್ಲ. ಹೆಸರು ನಾಲಗೆ ತುದೀಲಿದೆ, ಬರ್ತಿಲ್ಲ.

ಗಂಗಣ್ಣ


ಲಾಯದಕುಂಟೆ
7ನೇ ಮೇ 1943

ಗಂಗಾ, ನನ್ನಪ್ಪಾ,

ಅವ್ವನ ಹೆಸರು ಅಕ್ಕಯಮ್ಮ. ಸೊಪ್ಪು ಹೊನಗೊನೆ. ಎಡಗಡೆ ಎತ್ತು ಕೆಂದ. ಆ ಮರ ಹುಣಸೇ ಮರ, ಅದರ ಕೊಂಬೆಯಿಂದ ಬಿದ್ದು ನಿನ್ನ ಮೊಣಕೈ ಮುರಿದಿತ್ತು, ದೊಡ್ಡಬಳ್ಳಾಪುರದ ಹತ್ತಿರ ಪಟ್ಟು ಹಾಕೋ ಮುನಿವೆಂಕಟಪ್ಪನ ಹತ್ತಿರ ನಾನೇ ಹೊತ್ತುಕೊಂಡು ಹೋಗಿದ್ದೆ. ನಿನ್ನ ಹೆಸರು ಗಂಗಣ್ಣ. ನಮ್ಮಪ್ಪ ಹನುಮಂತರಾಯಪ್ಪ. ಇದನ್ನ ದಿನಾ ಓದಿಕೋ. ಜೋರಾಗಿ ಓದಿಕೋ.

ಇನ್ನು ನಿನಗೆ ಮುಚ್ಚಿಟ್ಟಿದ್ದನ್ನ ಹೇಳ್ತೀನಿ. ಅವ್ವ ಇಲ್ಲ. ಸಂಕ್ರಾಂತಿ ಆದ ವಾರ ಹೋದಳು. ಕಣ್ಣಿಗೆ ಪೊರೆ ಬಂದು ಹೋದ ಬೇಸಿಗೆಯಿಂದಲೇ ಅವಳಿಗೆ ಮಸುಕು ಮಸುಕಾಗಿ ಮಾತ್ರ ಕಾಣ್ತಿತ್ತು. ನೀನು ದಂಡಲ್ಲಿದ್ದೀಯ, ಕೈಯಲ್ಲಿ ಲಾರಿ ಹಿಡಿದಿರ್ತೀಯ, ಮನಸ್ಸು ಕಲಕಬಾರದು ಅಂತ ಬರೀಲಿಲ್ಲ. ಕಡೇ ದಿನ ನಾನು ಊಟಕ್ಕೆ ಕರೆಯೋಕೆ ಹೋದಾಗ ಕಟ್ಟೆಗೆ ಒರಗಿ ಕೂತಿದ್ದಳು. ಒಂದು ಕೈ ಕಲ್ಲಿನ ಮೇಲಿತ್ತು, ಮಗನ ತೊಡೆಯ ಮೇಲೆ ಇಟ್ಟ ಹಾಗೆ. ಮುಖದಲ್ಲಿ ಸಂಕಟ ಇರಲಿಲ್ಲ. ನೆಮ್ಮದಿಯಾಗಿದ್ದಾಳೆ ಅಂತ ನಾನು ಬರೆದಿದ್ದು ಸುಳ್ಳಲ್ಲ.

ನೀರು ನಿಲ್ಲಿಸಿದ್ದು ತಪ್ಪಾಯ್ತೇನೋ ಅಂತ ಈಗ ಅನ್ನಿಸ್ತದೆ. ನಿನ್ನ ಕಾಗದ ಬಂದಿದ್ದು ನೆನ್ನೆ. ಇವತ್ತು ಶುಕ್ರವಾರ. ತಲೆಗೆ ನೀರು ಹಾಕಿಕೊಂಡು, ಅವ್ವನ ತಾಮ್ರದ ಚೊಂಬು ಬೆಳಗಿ, ಬಾವಿ ನೀರು ತುಂಬಿಕೊಂಡು ಮಧ್ಯಾಹ್ನಕ್ಕೆ ಕಟ್ಟೆಗೆ ಹೋದೆ. ಆ ಹಳೇ ಮಾತು ಹೇಳಲಿಲ್ಲ. ಅದು ಅವನನ್ನ ಕರೆಯೋ ಮಾತು. ನನಗೆ ಬೇಕಾದವನು ನೀನು. ಅದಕ್ಕೆ ನಮ್ಮ ಮಾತಿನಲ್ಲೇ ಕರೆದೆ. "ಗಂಗಾ, ನೀರು ತಣ್ಣಗೈತೆ. ಬಾಗಿಲು ತೆಗೆದೈತೆ. ಬಾರಪ್ಪಾ, ಬಾ."

ಕಾಲು ಸೋಲೋವರೆಗೂ ನಿಂತೆ. ಹೊಲದ ಮೇಲೆ ಬಿಸಿಲು ಕುಣೀತಿತ್ತು. ಯಾರೂ ಇರಲಿಲ್ಲ. ಇನ್ನೊಂದು ಸಲ ಕರೆದೆ.

"ಬಂದೆ ಅಕ್ಕಾ" ಅಂತು.

ಕನ್ನಡದಲ್ಲಿ ಕಣೋ. ನಿನ್ನ ದನಿ. ಕುಂಟೆಯ ಆಚೆ ದನ ಮೇಯಿಸುವಾಗ ಕರೆದರೆ ಓಗೊಡ್ತಿದ್ದೆಯಲ್ಲ, ಅದೇ ದನಿ. ನಾನು ಅಲ್ಲೇ ಕೂತುಬಿಟ್ಟೆ. ಅತ್ತೆ. ನನ್ನ ತಮ್ಮ ಕೇಳಿಸ್ಕೊಂಡ, ಎದ್ದು ಹೊರಟ, ಅಂತ ಎಷ್ಟು ಖುಷಿಯಾಯ್ತು ಅಂತ ಹೇಗೆ ಬರೀಲಿ.

ಬಾ. ದಾರೀಲಿ ಯಾರು ಮಾತಾಡಿಸಿದರೂ ನಿಲ್ಲಬೇಡ.

ನಿನ್ನ ಅಕ್ಕ
ಮುನಿತಾಯಮ್ಮ


3ನೇ ಆಗಸ್ಟ್ 1943

ಅಕ್ಕಾ,

ಬೀಬಿಯ ಮನೆಗೆ ಅಂತ ನೀನು ಹಾಕಿದ ಕಾಗದವನ್ನ ಒಬ್ಬ ಲಾರಿಯವನು ತಂದುಕೊಟ್ಟ. ಅವ್ವನ ಹೆಸರು ಓದಿದೆ. ಅಕ್ಕಯಮ್ಮ. ಓದಿದ ಮೇಲೆ ಅಳು ಬಂತು, ಆದರೆ ಮುಖ ನೆನಪಾಗಲಿಲ್ಲ. ಬರೆಯೋದು ಈಗ ಕಷ್ಟ. ಅಕ್ಷರ ಒಂದೊಂದನ್ನೂ ನಿನ್ನ ಕಾಗದ ನೋಡಿ ನೋಡಿ ಇಳಿಸ್ತಿದ್ದೀನಿ. ತಪ್ಪಿದ್ದರೆ ಸರಿ ಮಾಡಿಕೋ.

ನೀನು ಕರೆದ ದಿನ ನಾನು ಹೊಸಲಿನ ಮೇಲೆ ಕೂತಿದ್ದೆ. ಹಿಮ ಕರಗಿತ್ತು. ಲಾರಿಗಳು ಬಂದು ಸಾಲಾಗಿ ನಿಂತಿದ್ದವು. ನೀನು ನನ್ನ ಹೆಸರು ಹಿಡಿದು ಕರೆದಿದ್ದು ಚೆನ್ನಾಗಿ ಕೇಳಿಸ್ತು. ನೀರು ತಣ್ಣಗೈತೆ ಅಂದೆ. ನಾನು ಎದ್ದೆ. ಬಂದೆ ಅಕ್ಕಾ ಅಂತ ಹೇಳೋಕೆ ಬಾಯಿ ತೆಗೆದೆ.

ನನಗಿಂತ ಮೊದಲು ಇನ್ನೊಬ್ಬ ಹೇಳಿದ.

ನನ್ನ ಮುಂದೆಯೇ ನಿಂತಿದ್ದ. ಬೆನ್ನು ಮಾತ್ರ ಕಾಣ್ತಿತ್ತು. ಮೈಮೇಲೆ ನನ್ನ ಖಾಕಿ ಅಂಗಿ. ನನ್ನ ನಡಿಗೆ. ಹೋಗಿ ನನ್ನ ಲಾರಿ ಹತ್ತಿದ. ಪಿಳ್ಳಣ್ಣ "ಎಷ್ಟೊತ್ತೋ ಗಂಗ, ಬಾರ್ಲಾ" ಅಂತ ಕೈ ಹಿಡಿದು ಎಳೆದುಕೊಂಡ. ನಾನು ಕೂಗಿದೆ. ಪಿಳ್ಳಣ್ಣ ತಿರುಗಿ ನೋಡಿದ. ಕೈಯಲ್ಲಿ ಸಲಾಮು ಮಾಡಿ ಹೊರಟುಹೋದ.

ನನ್ನ ಕೈ ನೋಡಿಕೊಂಡೆ. ಚರ್ಮ ಬಿಳುಚಿ, ಕೂದಲು ನರೆತಿವೆ. ಲಗಾಮು ಹಿಡಿದು ಹಿಡಿದು ಬೆರಳ ಸಂದಿ ದಡ್ಡುಗಟ್ಟಿವೆ. ನಾನು ಕುದುರೆ ಮುಟ್ಟಿದವನಲ್ಲ.

ಅವನ ಮೇಲೆ ನನಗೆ ಕೋಪ ಬರ್ತಿಲ್ಲ. ಅವನಿಗೆ ಅಂತ ತೆಗೆದಿಟ್ಟಿದ್ದ ಬಾಗಿಲಲ್ಲಿ ನಾನು ಬಂದು ಕೂತುಬಿಟ್ಟೆ. ಅವನಿಗೆ ಉಳಿದಿದ್ದು ನಮ್ಮ ಬಾಗಿಲು ಒಂದೇ. ಎಷ್ಟು ಕಾಲದಿಂದ ಕಿವಿಗೊಟ್ಟು ಕೂತಿದ್ದನೋ, ನಿನ್ನ ಕರೆ ಅವನ ಕಿವಿಗೆ ಮೊದಲು ಬಿತ್ತು.

ಬೀಬಿಗೆ ಮೈ ಹುಷಾರಿಲ್ಲ. ಎದ್ದು ಓಡಾಡಲ್ಲ. ಮುರಾದ್, ನೀರು ಕೊಡು ಅಂತಾಳೆ. ಕೊಡ್ತೀನಿ. ಇವಳನ್ನ ಬಿಟ್ಟು ನಾನು ಹೇಗೆ ಬರೋದು ಹೇಳು. ಇನ್ಯಾರೂ ಇಲ್ಲ.

ನಿನ್ನೆ ಪಿಳ್ಳಣ್ಣ ಮತ್ತೆ ಬಂದಿದ್ದ. ನನ್ನನ್ನ ಬಾಬಾ ಅಂತ ಕರೆದು ನೀರು ಕೇಳಿದ. ಹೊಸಕೋಟೆ ಪಿಳ್ಳಣ್ಣ ಅಂತ ಅವನ ಹೆಸರು ಹೇಳಿದೆ. ಮುಖ ಬಿಳುಪೇರಿತು. ಕೈ ಮುಗಿದು ಕೇಳಿದೆ, ಒಂದು ಕಾಗದ ಕೊಡ್ತೀನಿ, ನಾಳೆ ಹಿಂದಕ್ಕೆ ಹೋಗುವಾಗ ತಗೊಂಡು ಹೋಗಿ ಹಾಕು ಅಂತ. ಹೂಂ ಅಂದಿದ್ದಾನೆ.

ಅವನು ಅಲ್ಲಿಗೆ ಬಂದಿದ್ದರೆ ಹೊಟ್ಟೆಗೆ ಹಾಕು. ಬಹಳ ದೂರ ನಡೆದವನು.

ಗಂಗಣ್ಣ


ಲಾಯದಕುಂಟೆ
19ನೇ ಸೆಪ್ಟೆಂಬರ್ 1943

ಗಂಗಾ,

ಇದನ್ನ ಪಿಳ್ಳಣ್ಣನ ಹೆಸರಿಗೆ ಹಾಕ್ತಿದ್ದೀನಿ. ಸರಾಯಿಯ ಪಕ್ಕದ ಮನೆಯ ಮುದುಕನ ಕೈಗೆ ಕೊಡು ಅಂತ ಮೇಲೆ ಬರೆದಿದ್ದೀನಿ. ಅವನು ಕೊಡ್ತಾನೆ ಅಂತ ನಂಬಿಕೆ.

ನೀನು ಮನೆಗೆ ಬಂದು ಎರಡು ತಿಂಗಳ ಮೇಲಾಯ್ತು. ಜುಲೈ ಹತ್ತನೇ ತಾರೀಖು, ಕಂಟೋನ್ಮೆಂಟಿನಿಂದ ದಂಡಿನವರೇ ಕರ್ಕೊಂಡು ಬಂದು ಬಿಟ್ಟು ಹೋದರು. ಜ್ವರ ತಲೆಗೇರಿತ್ತು, ಇನ್ನು ಕೆಲಸಕ್ಕಾಗಲ್ಲ, ಮನೇಲಿ ನೋಡಿಕೊಳ್ಳಿ ಅಂದರು. ಊರೆಲ್ಲ ಸೇರಿತ್ತು. ಮುರಿದ ಮೊಣಕೈಯ ಗೆಣ್ಣು ಹಾಗೇ ಇತ್ತು, ನಾನೇ ಮುಟ್ಟಿ ನೋಡಿದೆ. ತಬ್ಬಿಕೊಂಡು ಅತ್ತೆ. ಮಾತು ಕಮ್ಮಿ. ದೊಡ್ಡಪ್ಪ "ಯುದ್ಧ ನೋಡಿ ಬಂದವ್ರು ಹಂಗೇ ಕಣಮ್ಮ" ಅಂದ. ನಾನೂ ಹಾಗೇ ಅಂದ್ಕೊಂಡೆ. ಅಂದ್ಕೊಳ್ಳೋಕೆ ನನಗೆ ಇಷ್ಟ ಇತ್ತು.

ಅವ್ವನನ್ನ ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಕರ್ಕೊಂಡು ಹೋದೆ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಎದೆಗೆ ಒತ್ತಿಕೊಂಡು ಅತ್ತಿದ್ದು ನೋಡಿ ನಾನೇ ಸಮಾಧಾನ ಮಾಡಬೇಕಾಯ್ತು. ಅವನು ಅತ್ತಿದ್ದು ಸುಳ್ಳಲ್ಲ. ಅವ್ವ ಕೊನೇ ದಿನಗಳನ್ನ ಯಾರ ಜೊತೆ ಕಳೆದಳು ಅಂತ ನಿನಗೆ ಬರೆದಿದ್ದೀನಲ್ಲ.

ಕೆಲಸದಲ್ಲಿ ಗಟ್ಟಿಗ. ಬೆಳಗ್ಗೆ ಎದ್ದು ಹೊಲಕ್ಕೆ ಹೋಗ್ತಾನೆ. ಕೆಂದನಿಗೆ ಕಾಲು ನೋವಾಗಿತ್ತು, ಯಾವುದೋ ಎಲೆ ಅರೆದು ಕಟ್ಟಿ ವಾಸಿ ಮಾಡಿದ. ನನ್ನ ಜೊತೆ ಎಂದೂ ಜೋರು ಮಾತಾಡಿಲ್ಲ. ನಾನು ಉಣ್ಣೋವರೆಗೂ ತಾನು ಉಣ್ಣಲ್ಲ. ಒಳ್ಳೆಯವನು ಕಣೋ. ಅದೇ ನನಗೆ ಕಷ್ಟ.

ನಿನ್ನ ಕಾಗದ ಇವತ್ತು ಬಂತು. ಅಂಚೆಯವನು ಕೊಟ್ಟಾಗ ಅವನು ಜಗಲಿ ಮೇಲೇ ಕೂತಿದ್ದ. ಲಕೋಟೆಯ ಮೇಲೆ ದಂಡಿನ ಮುದ್ರೆ ನೋಡಿ, ದಾರೀಲಿ ತಡವಾದ ಹಳೇ ಕಾಗದ ಅಂತ ತಿಳಿದು, "ನೋಡೋ, ನೀನು ಬರೆದಿದ್ದು ಈಗ ಬಂತು, ಓದಿ ಹೇಳು" ಅಂತ ಒಡೆದು ಅವನ ಕೈಗೇ ಕೊಟ್ಟೆ. ನಗ್ತಾ ಕೊಟ್ಟೆ ಗಂಗಾ.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಸಾಲಿನ ಮೇಲೆ ಬೆರಳಿಟ್ಟ. ಬಲಗಡೆಯಿಂದ ಎಡಗಡೆಗೆ, ಮೆಲ್ಲಗೆ ಎಳೆದುಕೊಂಡು ಹೋದ. ಮತ್ತೆ ಕೆಳಗಿನ ಸಾಲಿಗೆ ಬಂದು, ಬಲಗಡೆಯಿಂದ. ಕೊನೇವರೆಗೂ ಹಾಗೇ ನಡೆಸಿ, "ಎಲ್ಲಾ ಕ್ಷೇಮ ಅಕ್ಕಾ" ಅಂದ.

ನಾನು ಕಾಗದ ತಗೊಂಡು ಒಳಗೆ ಬಂದು ಓದಿದೆ. ತಾರೀಖು ನೋಡಿದೆ. ಎರಡು ಸಲ ನೋಡಿದೆ.

ಚೊಂಬು ಹಿಡಿದು ಕಟ್ಟೆಗೆ ಹೋದೆ. ನಿನ್ನನ್ನ ಮತ್ತೆ ಕರೆಯೋಣ ಅಂತಲೇ ಹೋದೆ. ಬಾಯಿ ಬರಲಿಲ್ಲ. ಕರೆದರೆ ಅಲ್ಲಿ ಬೀಬಿಗೆ ನೀರು ಕೊಡೋರು ಯಾರು? ಇಲ್ಲಿರೋ ಇವನು ಯಾವ ದಾರಿ ಹಿಡೀಬೇಕು? ಇಷ್ಟಾದ ಮೇಲೂ ಓಗೊಡೋದು ನೀನೇ ಅಂತ ನನಗೆ ಹೇಗೆ ಗೊತ್ತಾಗಬೇಕು? ಚೊಂಬಿನ ನೀರನ್ನ ಅಲ್ಲೇ ಒಂದು ಗಿಡಕ್ಕೆ ಹುಯ್ದು ಬಂದೆ.

ನಾನು ಓದಿದ್ದೀನಿ ಅಂತ ಅವನಿಗೆ ಗೊತ್ತಾಗಿದೆ. ಒಳಗೆ ಬಂದಿಲ್ಲ. ಹಿತ್ತಿಲ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದಾನೆ, ಹೋಗು ಅಂದರೆ ಹೋಗೋಕೆ ತಯಾರಾದವನ ಹಾಗೆ. ಕಟ್ಟಿದ ಮುದ್ದೆ ಆರ್ತಿದೆ. ಹೊನಗೊನೆ ಸೊಪ್ಪಿನ ಬಸ್ಸಾರು ಮಾಡಿದ್ದೀನಿ.

ಅವನನ್ನ ಊಟಕ್ಕೆ ಕರೀಬೇಕು. ಯಾವ ಹೆಸರು ಹಿಡಿದು ಕರೀಲಿ ಅಂತ ಬರಿ.

ಮುನಿತಾಯಮ್ಮ